ಶಿಲಾವತಿಯ ಸುತ್ತುಚಿತ್ರ

ಬಹಳ ಹಿಂದೆ, ಒಂಟೆಗೂ ಬಾಯಾರುವಂಥ ಮರಳುಗಾಡಿನ ನಡುವೆ ಶಿಲಾವತಿ ಎಂಬ ಪಟ್ಟಣವಿತ್ತು. ಧೂಳಿಕೇತನೆಂಬ ಮಾಂತ್ರಿಕ ಅದನ್ನು ಹಾಳುಗೆಡವಿ, ಜನರನ್ನೆಲ್ಲ ಕಲ್ಲುಕಂಬ ಮಾಡಿಟ್ಟ. ಅಷ್ಟಕ್ಕೇ ಬಿಟ್ಟನೇ ಪಾಪಿ? ಇಲ್ಲಿ ಊರೇ ಇರಲಿಲ್ಲ ಎನ್ನಿಸಬೇಕೆಂದು, ನೋಡಬಂದವರ ಬೆನ್ನ ಹಿಂದೆ ನಿಂತು, ಅವರ ಕಣ್ಣು ತಪ್ಪಿದ್ದನ್ನೆಲ್ಲ ಮರಳು ಮಾಡುತ್ತಿದ್ದ.

ಆ ಕಂಬಗಳಲ್ಲೊಂದು, ಅಂದು ಊರಲ್ಲಿಲ್ಲದ್ದರಿಂದ ಉಳಿದುಕೊಂಡ ಬಾಚಲೆಯೆಂಬ ಹುಡುಗಿಯ ಅಕ್ಕ ಮಾಚವ್ವೆ. ಬಾಚಲೆಯದು ನೆರಳು ಹಿಡಿಯುವ ಮನೆತನ. ಅವರ ಪೆಟ್ಟಿಗೆಯ ಕಣ್ಣಿಗೆ ಬಿದ್ದದ್ದು ಚಿತ್ರವಾಗುತ್ತಿತ್ತು. ಚಿತ್ರವಾದ ನೆಲದಲ್ಲಿ ಮಾಂತ್ರಿಕ ಕಾಲಿಡಲಾರ. ಊರೆಲ್ಲ ಒಂದೇ ಚಿತ್ರವಾದರೆ ಶಾಪ ಹರಿಯುತ್ತದೆ. ಆದರೆ ಪೆಟ್ಟಿಗೆಗೆ ಸಲಕ್ಕೊಂದು ತುಂಡಷ್ಟೇ ಸಿಗುವುದು. ಊರ ನಡುವೆ ನಿಂತು, ಬಲಕ್ಕೇ ತಿರುಗುತ್ತ, ಅಂಚಿಗೆ ಅಂಚು ಸೇರಿಸುತ್ತ ಸುತ್ತು ಮುಗಿಸಬೇಕು. ನಡುವೆ ಹಿಂದಿರುಗಿ ನೋಡಿದರೆ ಹಿಡಿದದ್ದೆಲ್ಲ ಅಳಿಸಿಹೋಗುತ್ತದೆ. ಅದು ಆ ಕುಲದ ಕಟ್ಟು. ಬಾಚಲೆ ಪೆಟ್ಟಿಗೆ ಹೊತ್ತು ಹಾಳೂರ ನಡುವೆ ಬಂದಳು.

"ಹಾಳೂರಲ್ಲಿ ಏನಿದೆಯೇ ಹುಡುಗಿ?" ಧೂಳಿಕೇತ ಬೆನ್ನ ಹಿಂದೆ ನಕ್ಕ.

"ನಮ್ಮೂರಿದೆ. ಬಾಯಿ ಮುಚ್ಚಿಕೊಂಡು ನಿಲ್ಲು, ನಿನ್ನ ಕಡೆಗೂ ಬರ್ತೀನಿ!"

ಅವಳು ಮೂಡಣಕ್ಕೆ ಮುಖ ಮಾಡಿ ನಿಂತಳು. ಅವನು ಬಿರುಗಾಳಿ ಬಿಟ್ಟ. ಬಾಚಲೆ ಪೆಟ್ಟಿಗೆಯ ಕಣ್ಣನ್ನು ಸೆರಗಿನಿಂದ ಮುಚ್ಚಿ, ಗಾಳಿ ದಣಿದಾಗ ತೆರೆದು ಹೆಬ್ಬಾಗಿಲನ್ನು ಹಿಡಿದಳು.

ತೆಂಕಣಕ್ಕೆ ತಿರುಗಿದಳು. ಅವನು ಕಲ್ಲುಸಿಂಹಕ್ಕೆ ಜೀವ ಕೊಟ್ಟ. ಅದು ಬಾಯಿ ತೆರೆದು ಎಗರಿತು.

"ಬಾರಪ್ಪಾ, ನೀನೂ ನಮ್ಮೂರಿನವನೇ!" ಎಂದು ಅದನ್ನೂ ಹಿಡಿದಳು. ಸಿಂಹ ತೆಪ್ಪಗೆ ತನ್ನ ಪೀಠಕ್ಕೆ ಹೋಗಿ ಕೂತಿತು.

ಪಡುವಣಕ್ಕೆ ತಿರುಗಿದಳು. ಅವನು ಅಕ್ಕನ ದನಿಯನ್ನು ಅವಳ ಬೆನ್ನ ಹಿಂದಿನಿಂದ ಕೂಗಿಸಿದ.

"ಬಾಚೀ, ಇಲ್ಲಿ ಬಿದ್ದಿದ್ದೀನೇ. ಒಂದೇ ಒಂದು ಸಲ ತಿರುಗಿ ನೋಡೇ!"

ಬಾಚಲೆಯ ಕಣ್ಣೀರು ಬಳಬಳನೆ ಇಳಿಯಿತು. ಆದರೂ ಕತ್ತು ಹೊರಳಲಿಲ್ಲ.

"ಬಂದೆ ಅಕ್ಕಾ! ಸುತ್ತಿಕೊಂಡೇ ಬರ್ತೀನಿ!"

ಪಡುವಣವೂ ಪೆಟ್ಟಿಗೆ ಸೇರಿತು. ಈಗ ಧೂಳಿಕೇತನಿಗೆ ನಿಲ್ಲಲು ಬಡಗಣವೊಂದೇ ಉಳಿದಿತ್ತು. ಅವಳು ಬಲಕ್ಕೆ ತಿರುಗಿದರೆ, ಅಕ್ಕನ ಕಂಬಕ್ಕೆ ಅಂಟಿಕೊಂಡು ನಿಂತಿದ್ದಾನೆ!

"ಬಿಟ್ಟುಬಿಡು ತಾಯಿ, ರಾಜ್ಯ ಕೊಡ್ತೀನಿ!"

"ನಿನ್ನ ರಾಜ್ಯ ಯಾರಿಗೆ ಬೇಕೋ? ನೆಟ್ಟಗೆ ನಿಲ್ಲು!"

ಪೆಟ್ಟಿಗೆ ಕಣ್ಣು ಮಿಟುಕಿಸಿತು. ಕೊನೆಯ ಅಂಚು ಮೊದಲ ಅಂಚನ್ನು ಕೂಡಿತು. ಧೂಳಿಕೇತ ಚಿತ್ರದೊಳಗೇ ಉಳಿದ. ಕಂಬಗಳು ಮೈಮುರಿದು ಮನುಷ್ಯರಾದವು.

"ಎಷ್ಟು ಹೊತ್ತೇ ನಿಲ್ಲಿಸೋದು? ಕಾಲು ಜೋಮು ಹಿಡೀತು!" ಎಂದು ಬೈಯುತ್ತಲೇ ಮಾಚವ್ವೆ ತಂಗಿಯನ್ನು ಬಾಚಿ ತಬ್ಬಿದಳು.

ಶಿಲಾವತಿಯವರು ಊರು ಕಟ್ಟಿಕೊಂಡು, ಉಂಡುಟ್ಟು ಸುಖವಾಗಿದ್ದಾರೆ. ಆ ಉದ್ದನೆಯ ಚಿತ್ರ ಹೆಬ್ಬಾಗಿಲಲ್ಲೇ ಇದೆ. ದಿನಾ ಅದರ ಧೂಳು ಒರೆಸುತ್ತಾರೆ. ಧೂಳಿಕೇತನ ಮುಖವೊಂದನ್ನು ಮಾತ್ರ ಯಾರೂ ಒರೆಸುವುದಿಲ್ಲ.