ನಾನೂರ ಹದಿನೇಳನೆಯ ನಮೂದು

ಅಪ್ಪ ಸಾಯುವ ಹಿಂದಿನ ವರ್ಷ ಮನೆಯನ್ನು ಅಕ್ಕನ ಹೆಸರಿಗೆ ಉಯಿಲು ಬರೆದಿಟ್ಟಿದ್ದನೆಂದು ಅವನಿಗೆ ಗೊತ್ತಾದದ್ದು ಅಕ್ಕನ ಬಾಯಿಂದಲೇ. ಹಾಲು ಉಕ್ಕಿತು ಅನ್ನುವಷ್ಟು ಸಲೀಸಾಗಿ ಅವಳು ಅದನ್ನು ಹೇಳಿದ್ದಳು. "ನಿಂಗೂ ಒಂದು ರೂಮು ಇದ್ದೇ ಇರುತ್ತಲ್ಲೋ. ನಾನೇನು ಮನೇನ ತಲೆ ಮೇಲೆ ಹೊತ್ಕೊಂಡು ಹೋಗ್ತೀನಾ?"

ಆ 'ಒಂದು ರೂಮು' ಅವನ ಕಿವಿ ಬಿಟ್ಟು ಹೋಗಲಿಲ್ಲ. ಐವತ್ತೆರಡು ವರ್ಷ ಅದೇ ಸೂರಿನ ಕೆಳಗೆ ಬದುಕಿದವನು, ಸೋರಿದಾಗಲೆಲ್ಲ ಏಣಿ ಹತ್ತಿದವನು, ಇನ್ನು ಮುಂದೆ ಅಕ್ಕನ ದಯೆಯಲ್ಲಿರಬೇಕು. ಅಪ್ಪನನ್ನು ಕೊನೆಯ ಮೂರು ವರ್ಷ ಎತ್ತಿ, ಇಳಿಸಿ, ತೊಳೆದು ನೋಡಿಕೊಂಡವಳು ಅಕ್ಕ. ಅದನ್ನು ಅವನು ಅಲ್ಲಗಳೆಯುತ್ತಿರಲಿಲ್ಲ. ಅದು ನೆನಪಾದಾಗ ಬೇರೆ ಏನನ್ನಾದರೂ ಯೋಚಿಸುತ್ತಿದ್ದ, ಅಷ್ಟೇ.

ಯೋಚಿಸುವುದಕ್ಕೆ ಅವನ ಬಳಿ ಇಡೀ ಒಂದು ಜಿಲ್ಲೆಯೇ ಇತ್ತು. ಬರೀ ಹಳ್ಳಿಗಳ ಜಿಲ್ಲೆ ಅದು, ಒಟ್ಟು ಅರವತ್ತಮೂರು. ಬದುಕಿದ್ದು ಇಪ್ಪತ್ತೆರಡೇ ವರ್ಷ. ನಲವತ್ತಾರು ವರ್ಷಗಳ ಹಿಂದೆ ಒಂದೂವರೆ ಪುಟದ ಆದೇಶವೊಂದು ಅದನ್ನು ಎರಡು ಹೋಳು ಮಾಡಿ ಅಕ್ಕಪಕ್ಕದ ಜಿಲ್ಲೆಗಳಿಗೆ ಹಂಚಿತ್ತು. ಉಳಿದದ್ದು ಹಳೆಯ ಕಚೇರಿಯ ಕಟ್ಟಡ, ಅದರೊಳಗೆ ಕೋಣೆ ತುಂಬ ದಾಖಲೆ ಪುಸ್ತಕಗಳು, ಒಂದು ಹಿತ್ತಾಳೆಯ ಮೊಹರು. ಇವೆಲ್ಲದರ ಬೀಗದ ಕೈ ದಾಖಲೆಪಾಲಕನಾದ ಅವನ ಕಿಸೆಯಲ್ಲಿತ್ತು. ಹನ್ನೊಂದು ವರ್ಷ ಕೂತು ಅವನು ಆ ಜಿಲ್ಲೆಯ ಇತಿಹಾಸ ಬರೆದ. ಮುನ್ನೂರು ಪ್ರತಿ ಅಚ್ಚಾಯಿತು. ಇನ್ನೂರ ಅರವತ್ತು ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಿದ್ದವು. ಕಚೇರಿಯಲ್ಲಿ ಅವನ ಹೆಸರೇ 'ಇತಿಹಾಸ' ಆಗಿಹೋಗಿತ್ತು. "ಏನಪ್ಪಾ ಇತಿಹಾಸ, ನಿಮ್ಮ ಜಿಲ್ಲೆ ಇವತ್ತಾದ್ರೂ ಎದ್ದು ಕೂತ್ಕೊಂಡಿತಾ?" ಎಂದು ಟೈಪಿಸ್ಟ್ ದಿನಾ ಕೇಳುತ್ತಿದ್ದ.

ಆ ಪುಸ್ತಕಕ್ಕಾಗಿ ಹುಡುಕುವಾಗಲೇ ಖಾಲಿ ಜಾಗ ಕಣ್ಣಿಗೆ ಬಿದ್ದದ್ದು. ದಾನಪತ್ರಗಳ ನೋಂದಣಿ ಪುಸ್ತಕದಲ್ಲಿ ಪ್ರತಿ ಪುಟದ ನೆತ್ತಿಯ ಮೇಲೂ ಸಂಖ್ಯೆ ಮೊದಲೇ ಅಚ್ಚಾಗಿರುತ್ತಿತ್ತು. ನಾನೂರ ಹದಿನಾರನ್ನು ತುಂಬಿದ ಗುಮಾಸ್ತ, ಬಹುಶಃ ಆಕಳಿಸುತ್ತ, ಒಂದು ಪುಟ ಹಾರಿಸಿ ನಾನೂರ ಹದಿನೆಂಟಕ್ಕೆ ಹೋಗಿಬಿಟ್ಟಿದ್ದ. ಜಿಲ್ಲೆ ರದ್ದಾಗುವುದಕ್ಕೆ ಹದಿನಾಲ್ಕು ತಿಂಗಳು ಮುಂಚಿನ ಮಾತು. ಅಂದು ಅವನು ನಕ್ಕು, ಅದನ್ನು ಇತಿಹಾಸದಲ್ಲಿ ಸೇರಿಸದೆ ಬಿಟ್ಟಿದ್ದ. ಈಗ ನಗು ಬರಲಿಲ್ಲ.

ಯೋಜನೆ ತಾನಾಗಿ ಬೆಳೆಯಿತು. ಆ ಖಾಲಿ ಪುಟ ಹೇಳಬೇಕಾದದ್ದು ಇಷ್ಟು: ಅಪ್ಪ ಆಗಲೇ, ಆ ವರ್ಷವೇ, ಮನೆಯನ್ನು ಐದು ವರ್ಷದ ಮಗನಿಗೆ ದಾನ ಕೊಟ್ಟಿದ್ದಾನೆ; ಮಗನ ಪರವಾಗಿ ಅಮ್ಮ ಸ್ವೀಕರಿಸಿದ್ದಾಳೆ. ಒಮ್ಮೆ ಕೊಟ್ಟುಬಿಟ್ಟದ್ದನ್ನು ಮತ್ತೆ ಬರೆದುಕೊಡಲು ಬರುವುದಿಲ್ಲ, ಹಾಗಾಗಿ ಅಕ್ಕನ ಉಯಿಲು ಬರೀ ಕಾಗದ. ಅಮ್ಮ ಇಲ್ಲ. ಅಂದಿನ ನೋಂದಣಿ ಅಧಿಕಾರಿ ಇಲ್ಲ. ಅರ್ಧ ಜಿಲ್ಲೆಯ ಪತ್ರಗಳಿಗೆ ಸಾಕ್ಷಿ ಹಾಕುತ್ತಿದ್ದ ಕ್ಯಾಂಟೀನಿನವನೂ ಜವಾನನೂ ಇಲ್ಲ. ನಕಲು ಪುಸ್ತಕಗಳು ಸಾಗಿಸುವಾಗ ನೀರಿಗೆ ಬಿದ್ದು ಹಾಳಾದವೆಂದು ಅವನ ಇತಿಹಾಸದ ತೊಂಬತ್ತನಾಲ್ಕನೆಯ ಪುಟವೇ ಹೇಳುತ್ತದೆ. ಆ ಪುಸ್ತಕದಿಂದ ಯಾರಿಗಾದರೂ ಉಪಯೋಗವಾದದ್ದು ಇದೇ ಮೊದಲು ಎಂದುಕೊಂಡ.

ಊಟದ ಬಿಡುವಿನಲ್ಲಿ, ಬಾಗಿಲು ಅರ್ಧ ತೆರೆದಿಟ್ಟೇ ಕೆಲಸ ಮಾಡಿದ. ಮುಚ್ಚಿದ ಬಾಗಿಲಿನ ಬಗ್ಗೆ ಜನ ಮಾತಾಡುತ್ತಾರೆ. ಅಕ್ಕ ಕಟ್ಟಿಕೊಟ್ಟ ಬುತ್ತಿಯನ್ನು ಐದು ನಿಮಿಷದಲ್ಲಿ ಮುಗಿಸಿದರೆ ನಲವತ್ತು ನಿಮಿಷ ಸಿಗುತ್ತಿತ್ತು. ಕಾಲೇಜಿನಲ್ಲಿ ಕಲಿತ ರಸಾಯನಶಾಸ್ತ್ರ ಹಳೆಯ ಶಾಯಿಗೆ ಒದಗಿತು. ಕಾಗದವಂತೂ ತಾನೇ ಮುದಿಯಾಗಿ ಕಾದಿತ್ತು. ಗುಮಾಸ್ತ 'ಳ'ದ ಬಾಲವನ್ನು ಎಲ್ಲಿ ಕತ್ತರಿಸುತ್ತಿದ್ದ, ಅಧಿಕಾರಿ ಯಾವ ವಾರ ರಜೆಯಲ್ಲಿದ್ದ, ಮೊಹರಿನ ಅಂಚು ಯಾವ ವರ್ಷ ಸೀಳಿತು, ಎಲ್ಲವೂ ಅವನಿಗೆ ಗೊತ್ತಿತ್ತು. ಆ ಜಿಲ್ಲೆಯನ್ನು ಅವನಷ್ಟು ಬಲ್ಲವರು ಭೂಮಿಯ ಮೇಲೆ ಯಾರೂ ಇರಲಿಲ್ಲ.

ಕಷ್ಟವಾದದ್ದು ಹೆಬ್ಬೆಟ್ಟು ಮಾತ್ರ. ಅಪ್ಪ ಅದೇ ಕಚೇರಿಯಲ್ಲಿ ಬಡಗಿ, ಅಕ್ಷರ ಬರುತ್ತಿರಲಿಲ್ಲ. ನಿವೃತ್ತಿಯ ಕಾಗದಗಳಲ್ಲಿ ಅವನ ಎಡಗೈ ಹೆಬ್ಬೆಟ್ಟಿನ ಮೂರು ಗುರುತುಗಳಿದ್ದವು. ಅತ್ಯಂತ ಸ್ಪಷ್ಟವಾದದ್ದನ್ನು ಆರಿಸಿ, ಅಚ್ಚು ತೆಗೆದು, ಒತ್ತಡ ತುಸು ಓರೆಯಾಗುವಂತೆ ನೋಡಿಕೊಂಡು ಪುಟದ ಮೇಲಿಳಿಸಿದ. ಬದುಕಿದ್ದಾಗ ಅಪ್ಪನ ಕೈಯನ್ನು ಅವನು ಅಷ್ಟು ಹೊತ್ತು ನೋಡಿರಲಿಲ್ಲ. ಎದ್ದು ಕಿಟಕಿ ತೆರೆದು, ಶಾಯಿ ಆರಲು ಬಿಟ್ಟ.

ಅವನು ಯಾರಿಗೂ ಏನೂ ಹೇಳಲಿಲ್ಲ. ಜಾಣತನವಿದ್ದದ್ದು ಅಲ್ಲೇ. ಮನೆಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಅಕ್ಕ ಅರ್ಜಿ ಹಾಕಿದಾಗ ಒಂದು ತಿಂಗಳು ರಜೆ ಹಾಕಿ ಕೂತ. ಹಳೆಯ ಪುಸ್ತಕಗಳನ್ನು ತಡಕಿದವಳು ಹೊಸದಾಗಿ ಸೇರಿದ ಗುಮಾಸ್ತೆ. ಓಡೋಡಿ ಈಗಿನ ನೋಂದಣಿ ಅಧಿಕಾರಿಣಿಗೆ ತೋರಿಸಿದವಳೂ ಅವಳೇ. ಸುದ್ದಿ ಮನೆಗೆ ಬಂದಾಗ ಅವನು ಕೈಯಲ್ಲಿದ್ದ ಲೋಟ ಕೆಳಗಿಟ್ಟು, "ಅಪ್ಪ ನಂಗೊಂದು ಮಾತೂ ಹೇಳಿರ್ಲಿಲ್ವಲ್ಲಕ್ಕಾ," ಎಂದ. ಧ್ವನಿ ತನಗೇ ನಿಜವೆನಿಸುವಷ್ಟು ಚೆನ್ನಾಗಿ ನಡುಗಿತು.

ವಿಚಾರಣೆಯ ದಿನ ಅದೇ ಹಳೆಯ ಕಚೇರಿಯಲ್ಲಿ ಅಧಿಕಾರಿಣಿ ತಜ್ಞರ ವರದಿ ಓದಿ ಹೇಳಿದಳು. ಶಾಯಿ ಸರಿ. ಮೊಹರು ಸರಿ. ಹೆಬ್ಬೆಟ್ಟಿನ ಗೆರೆಗಳು ನಿವೃತ್ತಿ ಕಾಗದದ ಗುರುತಿನೊಂದಿಗೆ ಪೂರ್ತಿ ಹೊಂದುತ್ತವೆ. ಅವನು ತಲೆ ತಗ್ಗಿಸಿ ಕೂತಿದ್ದ.

"ನಿಮ್ಮದೇನಾದ್ರೂ ತಕರಾರಿದೆಯೇನಮ್ಮಾ?"

"ಅಪ್ಪ ಕೊಟ್ಟಿದ್ರೆ ಅದು ಇವನದ್ದೇ ಮೇಡಂ," ಎಂದಳು ಅಕ್ಕ. ಕಣ್ಣು ಕೆಂಪಾಗಿತ್ತು, ಆದರೂ ನಗಲು ನೋಡಿದಳು. "ಒಂದು ರೂಮು ನಂಗೂ ಕೊಡ್ತಾನೆ ಬಿಡಿ. ಕೊಡ್ತೀಯಲ್ಲೋ?"

"ಏನಕ್ಕಾ ಹೀಗಂತೀಯ," ಎಂದ ಅವನು. ಒಳಗೆಲ್ಲೋ ನಾಚಿಕೆ ಚುಚ್ಚಿತು, ಆದರೆ ಗೆದ್ದಾಗಿತ್ತು.

"ಸಹಿ ಹಾಕೋಕ್ಕೆ ಮುಂಚೆ ಒಂದ್ಸಲ ಅಪ್ಪನ ಗುರುತು ನೋಡ್ಲಾ ಮೇಡಂ?" ಎಂದು ಅಕ್ಕ ಕೇಳಿದಳು. ಅಧಿಕಾರಿಣಿ ಪುಸ್ತಕವನ್ನು ಅವಳತ್ತ ತಿರುಗಿಸಿ ಭೂತಗನ್ನಡಿ ಕೊಟ್ಟಳು. ಅಕ್ಕ ಬಗ್ಗಿ ನೋಡಿದಳು, ನೋಡುತ್ತಲೇ ಅವಳ ಮುಖ ಅರಳಿತು. "ಅಪ್ಪನ ಬೆರಳೇ! ಇಗೋ ನೋಡಿ, ಈ ಅಡ್ಡಗೆರೆ, ಉಳಿ ಜಾರಿ ಸೀಳಿದ್ದು. ಜಿಲ್ಲೆ ರದ್ದಾದ ದಿನ ಇದೇ ಬಾಗಿಲ ಮೇಲಿನ ಜಿಲ್ಲೆ ಬೋರ್ಡು ಕಿತ್ತೋನು ಅಪ್ಪನೇ ಅಲ್ವಾ! ಊಟ ತಂದಿದ್ದೆ ನಾನು, ಹನ್ನೊಂದು ವರ್ಷ ನಂಗೆ. ರಕ್ತ ನಿಲ್ಲದೆ ಜಡೆ ರಿಬ್ಬನ್ ಬಿಚ್ಚಿ ಕಟ್ಟಿದ್ದೆ." ಅವನಿಗೂ ಆ ಕಲೆ ಗೊತ್ತಿತ್ತು. ಅಪ್ಪನ ಕಿವಿ, ಮೂಗು ಇದ್ದ ಹಾಗೆ ಅದೂ ಮೊದಲಿನಿಂದ ಇತ್ತು. ಅದಕ್ಕೊಂದು ತಾರೀಕು ಇರಬಹುದೆಂದು ಅವನಿಗೆ ಎಂದೂ ಹೊಳೆದಿರಲಿಲ್ಲ. ಅಧಿಕಾರಿಣಿಯ ಬೆರಳು ಪುಟದ ನೆತ್ತಿಯ ಮೇಲೆ, ನೋಂದಣಿಯ ದಿನಾಂಕದ ಬಳಿ, ನಿಂತಿತು. "ಆ ಬೋರ್ಡು ಕಿತ್ತಿದ್ದು ಯಾವಾಗ ಅಂದ್ರಮ್ಮಾ?" ಎಂದು ಮೆಲ್ಲಗೆ ಕೇಳಿದಳು. ಅಕ್ಕ ತಮ್ಮನತ್ತ ತಿರುಗಿ ಹೆಮ್ಮೆಯಿಂದ ಹೇಳಿದಳು, "ಇವನನ್ನೇ ಕೇಳಿ ಮೇಡಂ, ತಾರೀಕು ಇವನ ಪುಸ್ತಕದಲ್ಲೇ ಇದೆ."