ಹದಿನೇಳನೇ ಕಾಲಂ

ಆ ಕಾರಿನ ಚಕ್ರಕ್ಕೆ ಬಿದ್ದಂಥ ಬೀಗ ಭೂಮಂಡಲದ ಇನ್ಯಾವ ಚಕ್ರಕ್ಕೂ ಬಿದ್ದಿಲ್ಲ. ಬಿದ್ದಿದೆ ಎನ್ನುವವರಿದ್ದರೆ ಬರಲಿ, ನೋಡೋಣ. ಹಳದಿ ಬಳಿದ ಆ ಕಬ್ಬಿಣವನ್ನು ಆನೆಯ ಕಾಲಿಗೆ ಹಾಕಿದ್ದರೆ ಆನೆಯೂ ಕೂತು ಅತ್ತುಬಿಡುತ್ತಿತ್ತು.

ಕಾರಿನ ಒಡೆಯನಿಗೆ ಇರುವುದು ಅದೊಂದೇ ಕಾರು, ಅದನ್ನೇ ನಂಬಿದ ಒಂದು ಡ್ರೈವಿಂಗ್ ಸ್ಕೂಲು. ಮೂವತ್ತೂ ತುಂಬದವನನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ತಪ್ಪೊಪ್ಪಿಕೊಂಡು ದಂಡ ಕಟ್ಟಿದ್ದರೆ ಬೀಗ ಹಾಕಿದ ಗುತ್ತಿಗೆ ಕಂಪನಿಯವರೇ ಐದು ನಿಮಿಷದಲ್ಲಿ ಬಿಚ್ಚುತ್ತಿದ್ದರು. "ನೋ ಪಾರ್ಕಿಂಗ್ ಬೋರ್ಡೇ ಕಾಣ್ಲಿಲ್ಲ, ಯಾಕೆ ಒಪ್ಕೊಳ್ಲಿ?" ಎಂದು ಅವನು ದೂರು ಕೊಟ್ಟ. ಅಂದಿನಿಂದ ಹತ್ತೊಂಬತ್ತು ದಿನ, ನಿಂತ ಕಾರಿನಲ್ಲೇ ಪಾಠ. ಗೇರು ಹಾಕುವುದರಲ್ಲಿ ಅವನ ಶಿಷ್ಯರನ್ನು ಮೀರಿಸುವವರು ಮೂರು ಲೋಕದಲ್ಲಿಲ್ಲ. ಕಾರು ಚಲಿಸುವುದನ್ನು ಮಾತ್ರ ಅವರು ಕಂಡಿಲ್ಲ. ಬೇಸತ್ತು ಒಬ್ಬೊಬ್ಬರೇ ಬಿಟ್ಟುಹೋಗುತ್ತಿದ್ದರು.

ದೂರು ವಿಚಾರಿಸುತ್ತಿದ್ದವಳು ಪಾಲಿಕೆ ಕಚೇರಿಯ ಗಾಜಿನ ಕೌಂಟರಿನ ಮೇಡಂ. ಅಂಗೈಯಗಲದ ಕಿಂಡಿ, ಅದರ ಹಿಂದೆ ಕುರ್ಚಿಯಲ್ಲಿ ಅವಳ ಏಳು ವರ್ಷ. ದಿನಕ್ಕೆ ಸಾವಿರ ಜನ ಅಲ್ಲಿ ಬಾಯಿಟ್ಟು ಬೈದುಹೋಗುತ್ತಿದ್ದರು. "ಊಟ ಆಯ್ತಾ?" ಎಂದವನು ದೂರು ಹಿಡಿದು ದಿನಾ ಬರುತ್ತಿದ್ದ ಇವನೊಬ್ಬನೇ.

"ದೂರಿನ ಬಗ್ಗೆ ಮಾತ್ರ ಮಾತಾಡಿ."

"ಇದೂ ದೂರೇ. ಗಂಟೆ ಮೂರಾದ್ರೂ ಮೇಡಂ ಊಟ ಮಾಡಿಲ್ಲ. ಬರ್ಕೊಳ್ಳಿ."

ಅವಳು ನಕ್ಕದ್ದು ಕೂದಲೆಳೆಯಷ್ಟು. ಉಸಿರು ತಾಗಿ ಗಾಜು ಮಸುಕಾಯಿತು. ಆ ಮಸುಕು ಆರುವವರೆಗೂ ಅವನು ನೋಡುತ್ತ ನಿಂತ. ಹಿಂದಿನ ಸಾಲು ಊರಾಚೆಗೆ ಬೆಳೆಯಿತು.

ಅವಳೇ ಆ ರಸ್ತೆಗೆ ಹೋಗಿ ನೋಡಿದಳು. ಬೋರ್ಡಿತ್ತು, ಮುಖ ಮಾತ್ರ ಗೋಡೆಯ ಕಡೆಗೆ. ಅವನದೇ ಸರಿ! ಬೀಗ ಬಿಚ್ಚಿಸುವ ಆದೇಶವನ್ನು ಹದಿನಾರನೇ ಕಾಲಮಿನವರೆಗೆ ಬರೆದಳು. ಹದಿನೇಳನೆಯದು: 'ದೂರುದಾರರಿಗೂ ನಿಮಗೂ ಸಂಬಂಧವಿದೆಯೇ? ಇದ್ದರೆ ವಿವರಿಸಿ.'

ಲಕ್ಷ ಸಲ 'ಇಲ್ಲ' ಎಂದು ಬರೆದ ಕೈ ಅದು. ಇವತ್ತು ಪೆನ್ನು ಬಂಡೆಯಾಯಿತು. 'ಇಲ್ಲ' ಎಂದರೆ ಸಂಜೆಗೇ ಕಾರಿಗೆ ಬಿಡುಗಡೆ, ಆದರೆ ಸುಳ್ಳು. 'ಇದೆ' ಎಂದರೆ ಫೈಲು ದೊಡ್ಡ ಸಾಹೇಬರಿಗೆ, ಮೊದಲಿನಿಂದ ವಿಚಾರಣೆ, ಇನ್ನೂ ಮೂವತ್ತು ದಿನ. ಅಷ್ಟರಲ್ಲಿ ಸ್ಕೂಲೇ ಮುಚ್ಚಿಹೋದರೆ?

"ಇಲ್ಲ ಅಂತ ಗೀಚಿ ಮುಗಿಸಮ್ಮ, ಯಾರು ನೋಡ್ತಾರೆ?" ಎಂದಳು ಪಕ್ಕದ ಟೈಪಿಸ್ಟ್ ಅಕ್ಕ.

"ಬೀಗದ ಕಂಪನಿಯವ್ರು ನೋಡ್ತಾರೆ ಅಕ್ಕ. ನಾನು ನಕ್ಕಿದ್ದನ್ನ ಆಫೀಸೇ ನೋಡಿದೆ. ನಾಳೆ ಸುಳ್ಳು ಅಂತ ಆದೇಶನೇ ಹರಿದುಹಾಕಿಸ್ತಾರೆ."

"ಅಷ್ಟೇನಾ ಭಯ?"

"ಅಷ್ಟೇ ಅಲ್ಲ. ಇಲ್ಲ ಅಂತ ಬರೆಯೋಕೆ ಕೈ ಬರ್ತಿಲ್ಲ."

ಬರೆದಳು: 'ಇದೆ. ಬೆಳಗಿನಿಂದ ಇವರು ಬರುವ ದಾರಿ ನೋಡುತ್ತಿರುತ್ತೇನೆ.' ಸಹಿ, ಸೀಲು. ನಿಯಮದಂತೆ ದೂರುದಾರನಿಗೊಂದು ಪ್ರತಿ.

ಮರುದಿನ ಅವನು ಆ ಪ್ರತಿ ಹಿಡಿದು ಬಂದ. ಕಿವಿಗಳು ಎರಡು ಊರಿಗೆ ಕಾಣುವಷ್ಟು ಕೆಂಪು.

"ಹದಿನೇಳನೇ ಕಾಲಂ ಮೇಲೆ ತಕರಾರಿದೆ, ಮೇಡಂ."

ಅವಳು ಕಿಂಡಿಗೆ ಬಾಗಿದಳು. "ಏನು?"

"ವಿವರ ಸಾಲ್ದು. ಬೆಳಗ್ಗೆ ಅಂದ್ರೆ ಎಷ್ಟೊತ್ತಿಂದ?"

"ಒಂಬತ್ತರಿಂದ."

"ಆಫೀಸ್ ತೆಗೆಯೋದೇ ಹತ್ತಕ್ಕಲ್ವಾ?"

ಅವಳು ಮುಖ ಮುಚ್ಚಿಕೊಂಡಳು. "ಇನ್ನೂ ಮೂವತ್ತು ದಿನ ಕಾರು ಅಲ್ಲೇ. ಎಲ್ಲಾ ನನ್ನಿಂದ."

"ಉಳಿದಿರೋರು ಇಬ್ಬರೇ ಶಿಷ್ಯರು, ಅವರೂ ಹೋಗ್ಬಹುದು. ಬೇರೆಯವರ ಕಾರಲ್ಲಿ ಕೂಲಿಗೆ ಪಾಠ ಹೇಳ್ತೀನಿ, ಬದುಕ್ತೀನಿ," ಎಂದವನ ದನಿ ತಗ್ಗಿತು. "ನನ್ನ ಫೈಲು ಈಗ ನಿಮ್ಮದಲ್ಲ. ಹೊರಗೆ ಬರ್ತೀರಾ?"

ಪಕ್ಕದ ಬಾಗಿಲು ಕಿರುಗುಟ್ಟಿತು. ಅವಳು ಬಂದು ಎದುರು ನಿಂತಳು. ಅವನು ತಲೆಯೆತ್ತಿ ನೋಡಬೇಕಾಯಿತು.

"ನೀವು ಇಷ್ಟು ಎತ್ತರ ಅಂತ ಗೊತ್ತೇ ಇರ್ಲಿಲ್ಲ."

"ನನಗೂ ಮರೆತುಹೋಗಿತ್ತು," ಎಂದಳು.