ಡಿನ್ನರ್ ಎಂದರೆ ಯಾವ ಹೊತ್ತು

ಮಿಸ್ಸಿಸಿಪ್ಪಿ ನದಿಯ ಈ ದಂಡೆಯಲ್ಲಿ ನನ್ನಷ್ಟು ಪುಸ್ತಕ ಓದಿದ ಹೆಂಗಸು ಇನ್ನೂ ಹುಟ್ಟಿಲ್ಲ. ಆ ದಂಡೆಯಲ್ಲಿ ಒಬ್ಬಳಿದ್ದಳಂತೆ; ನನ್ನ ಹೆಸರು ಕಿವಿಗೆ ಬಿದ್ದ ಮೇಲೆ ಕನ್ನಡಕ ಮಾರಿ ಕೋಳಿ ಸಾಕಿಕೊಂಡಳಂತೆ. ಹಾಗಾಗಿ ನಮ್ಮ ಹಾಲಿ ಬೆಂಡ್ ಊರಿನ ಪುಸ್ತಕ ಕ್ಲಬ್ಬು ಈ ವರ್ಷ ನಮ್ಮ ದಕ್ಷಿಣ ರಾಜ್ಯಗಳವರೇ ಬರೆದ ಒಂದು ಕಾದಂಬರಿಯನ್ನು ಎಲ್ಲರೂ ಕೂಡಿ ಓದಬೇಕೆಂದು ತೀರ್ಮಾನಿಸಿದಾಗ, ಅದನ್ನು ಆರಿಸುವ ಹಕ್ಕು ಆಕಾಶದಿಂದ ನೇರವಾಗಿ ನನ್ನ ಮಡಿಲಿಗೆ ಬಿತ್ತು. ಯಾವುದನ್ನು ಓದಬಾರದೆಂದು ಹೇಳುವ ಹಕ್ಕಂತೂ ಮೊದಲಿನಿಂದಲೂ ನನ್ನದೇ.

ಗುರುವಾರ ಬೆಳಗ್ಗೆ ನಮ್ಮ ಮನೆಯಲ್ಲೇ ಸಭೆ. ಎಲ್ಲರೂ ತಮ್ಮ ತಮ್ಮ ಆಯ್ಕೆ ಹಿಡಿದು ಬಂದರು, ಕಟುಕನ ಅಂಗಡಿಗೆ ಕುರಿ ಹೊಡೆದುಕೊಂಡು ಬಂದ ಹಾಗೆ.

ಮೊದಲು ಟ್ವೈಲಾ ಮೇಬ್ರಿ. ಶಾಲೆಯಿಂದಲೂ ನನ್ನ ಗೆಳತಿ, ಅದಕ್ಕೂ ಮುಂಚಿನಿಂದ ನನ್ನ ವೈರಿ.

"ಆರ್ಡಿತ್, ಇದರಲ್ಲಿ ಮ್ಯಾಗ್ನೋಲಿಯಾ ಹೂವಿನ ವರ್ಣನೆ ಓದಿ ಅತ್ತೇಬಿಟ್ಟೆ ಕಣೇ."

"ನೀನು ಸೋಪಿನ ಪೊಟ್ಟಣ ಓದಿದ್ರೂ ಅಳ್ತೀಯ. ಕೊಡು ಇಲ್ಲಿ."

ತಿರುವಿ ನೋಡಿದೆ. ಮೊದಲ ಪುಟದಲ್ಲಿ ಜಗಲಿ. ಎರಡನೆಯದರಲ್ಲಿ ಜಗಲಿಯ ಮೇಲೆ ತೂಗುಕುರ್ಚಿ. ಮೂರನೆಯದರಲ್ಲಿ ಕುರ್ಚಿಯ ಮೇಲೆ ಚಿಕ್ಕಮ್ಮ. ನಾಲ್ಕರಲ್ಲಿ ಚಿಕ್ಕಮ್ಮನಿಗೆ ತಲೆ ಕೆಟ್ಟಿತ್ತು, ಐದಕ್ಕೆ ಬರುವಷ್ಟರಲ್ಲಿ ನನಗೂ ಕೆಟ್ಟಿತು. ಪುಸ್ತಕವನ್ನು ಎರಡೇ ಬೆರಳಲ್ಲಿ ಹಿಡಿದು, ಸತ್ತ ಇಲಿಯನ್ನು ಎತ್ತಿದಂತೆ ಎತ್ತಿ ಟ್ವೈಲಾಳ ಕೈಗೆ ಹಾಕಿದೆ.

ಚರ್ಚಿನಲ್ಲಿ ಆರ್ಗನ್ ನುಡಿಸುವ ಮಿಸೆಸ್ ಓಡಮ್ ತಂದದ್ದರಲ್ಲಿ ಹೇಸರಗತ್ತೆಯೊಂದು ಸಾಯುತ್ತದೆ. ನಮ್ಮ ದಕ್ಷಿಣದ ಕಾದಂಬರಿಗಳಲ್ಲಿ ಸತ್ತ ಹೇಸರಗತ್ತೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಚಂದ್ರನ ಮೇಲೆ ಹತ್ತಿ ಬಟ್ಟೆ ಒಣಗಿಸಿ ಬರಬಹುದು.

"ಯಾವ ಕಾಯಿಲೆಯಿಂದ ಸತ್ತಿತಂತೆ?"

ಮೂಲೆಯಿಂದ ಗಂಡಸಿನ ದನಿ. ನಮ್ಮ ಕ್ಲಬ್ಬಿನಲ್ಲಿ ಗಂಡಸಿನ ದನಿ ಕೇಳಿದ್ದು ಅದೇ ಮೊದಲು. ಗೋಡೆಯ ಮೇಲಿದ್ದ ನನ್ನ ಅಜ್ಜಿಯರ ಫೋಟೋಗಳೆಲ್ಲ ಆ ಕಡೆ ಕತ್ತು ತಿರುಗಿಸಿದವು.

ಹಾಲಿಸ್ ಪ್ರೂಯಿಟ್. ದನದ ಡಾಕ್ಟರು. ಹುಟ್ಟಿದ್ದು ಇದೇ ಊರು, ಹೊಟ್ಟೆ ಹೊರೆದದ್ದು ಉತ್ತರದ ಓಹಾಯೋದಲ್ಲಿ. ಹೆಂಡತಿ ಹೋಗಿ ಬಹಳ ಕಾಲವಾಗಿತ್ತು. ಈ ವಸಂತದಲ್ಲಿ ಅಕ್ಕನೂ ತೀರಿಕೊಂಡ ಮೇಲೆ ಅವಳ ಮನೆಗೂ, ಕ್ಲಬ್ಬಿನಲ್ಲಿ ಅವಳು ಕೂರುತ್ತಿದ್ದ ಕುರ್ಚಿಗೂ ವಾರಸುದಾರನಾಗಿ ಬಂದಿದ್ದ.

"ಕಾಯಿಲೆ ಏನೂ ಬರೆದಿಲ್ಲ ಡಾಕ್ಟ್ರೇ. ಸುಮ್ನೆ ಸಾಯುತ್ತೆ," ಎಂದರು ಮಿಸೆಸ್ ಓಡಮ್.

"ಹೇಸರಗತ್ತೆ ಸುಮ್ನೆ ಸಾಯೋ ಪ್ರಾಣಿ ಅಲ್ಲಮ್ಮ. ಮೊದಲು ಯಜಮಾನನನ್ನ ಸಾಯಿಸುತ್ತೆ."

ನಾನು ನಗಲಿಲ್ಲ. ನನ್ನ ತುಟಿ ನಕ್ಕಿತು, ನನ್ನನ್ನು ಕೇಳದೆ. ಅವನು ಅದನ್ನು ನೋಡಿದ. ಕನ್ನಡಕದ ಮೇಲಂಚಿನಿಂದ, ಅವಸರವಿಲ್ಲದೆ, ಹೊಲದ ಬೇಲಿಗೆ ಮೊಳಕೈ ಊರಿ ನಿಂತವನು ಮೋಡ ನೋಡುವಂತೆ ನೋಡಿದ. ನನ್ನನ್ನು ಮದುವೆಗೆ ಕೇಳಿಕೊಂಡು ಬಂದವರನ್ನು ಸಾಲಾಗಿ ನಿಲ್ಲಿಸಿದ್ದರೆ ಸಾಲು ಜಾಕ್ಸನ್ ಪಟ್ಟಣ ಮುಟ್ಟುತ್ತಿತ್ತು. ಎಲ್ಲರನ್ನೂ ಒಂದು ಹುಬ್ಬಿನಿಂದಲೇ ವಾಪಸು ಕಳಿಸಿದವಳು ನಾನು. ಆ ಹುಬ್ಬು ಅವತ್ತು ಏಳಲೇ ಇಲ್ಲ.

ಅವನ ಆಯ್ಕೆಯನ್ನು ಕೈಗೆ ತೆಗೆದುಕೊಂಡೆ. ಟೆನೆಸಿಯ ಯಾರೋ ಹೆಂಗಸು ಬರೆದದ್ದು. ಜಗಲಿ ಇಲ್ಲ, ಚಿಕ್ಕಮ್ಮನ ತಲೆ ನೆಟ್ಟಗಿದೆ, ಸಾಕುಪ್ರಾಣಿಗಳೆಲ್ಲ ಆರೋಗ್ಯ. ತಪ್ಪು ಸಿಗದೆ ನನಗೆ ಉಸಿರು ಕಟ್ಟುವಂತಾಯಿತು. ಕೊನೆಗೂ ಸಿಕ್ಕಿತು.

"ನೋಡಿ ಇಲ್ಲಿ. 'ದೀಪ ಹಚ್ಚಿದ ಮೇಲೆ ಎಲ್ಲರೂ ಡಿನ್ನರ್‌ಗೆ ಕೂತರು.' ಇವಳು ದಕ್ಷಿಣದವಳಾ? ನಮ್ಮಲ್ಲಿ ಡಿನ್ನರ್ ಅಂದ್ರೆ ಮಧ್ಯಾಹ್ನದ ಊಟ. ರಾತ್ರಿಯದ್ದು ಸಪ್ಪರ್. ಹಸುಗೂಸಿಗೂ ಗೊತ್ತಿರೋ ವಿಷಯ."

"ಓಹಾಯೋದಲ್ಲಿ ರಾತ್ರಿಯದ್ದೇ ಡಿನ್ನರ್," ಎಂದ ಹಾಲಿಸ್. "ನನಗೂ ಅದೇ ರೂಢಿ ಆಗಿಹೋಗಿದೆ."

"ಹಾಗಾದ್ರೆ ಓಹಾಯೋ ಸಾಹಿತ್ಯಕ್ಕೆ ಬೇರೆ ಕ್ಲಬ್ ಕಟ್ಕೊಳ್ಳಿ. ಊಟ ಯಾವ ಹೊತ್ತಿಂದು ಅಂತ ತಿಳೀದವರು ಬರೆದದ್ದನ್ನ ನಾವು ಓದೋದಿಲ್ಲ."

ಎಲ್ಲರೂ ಹೊರಟಾಗ ಅವನೊಬ್ಬ ಬಾಗಿಲಲ್ಲಿ ಹಿಂದುಳಿದ. ಟೋಪಿಯ ಅಂಚನ್ನು ಬೆರಳುಗಳಲ್ಲಿ ತಿರುಗಿಸುತ್ತಿದ್ದ. ಎಷ್ಟೋ ಕರುಗಳನ್ನು ಈ ಲೋಕಕ್ಕೆ ಎಳೆದು ತಂದ ಕೈಗಳು. ಟೋಪಿಯನ್ನು ಮಾತ್ರ ಮೊಟ್ಟೆ ಹಿಡಿದ ಹಾಗೆ ಹಿಡಿದಿದ್ದವು.

"ಮಿಸ್ ಆರ್ಡಿತ್, ಭಾನುವಾರ ನಮ್ಮನೆಗೆ ಡಿನ್ನರ್‌ಗೆ ಬನ್ನಿ. ಆ ಪುಸ್ತಕದ ಪರವಾಗಿ ನಾಲ್ಕು ಮಾತು ಹೇಳ್ಬೇಕು."

"ನಾಲ್ಕು ಮಾತಿಗೆ ಅಷ್ಟು ದೂರ ಬರ್ಬೇಕಾ?"

"ಐದನೇದು ಪುಸ್ತಕದ ಬಗ್ಗೆ ಅಲ್ಲ."

"ನೋಡೋಣ," ಎಂದೆ. ನನ್ನ ಎದೆ ಊರಿನ ನೀರಿನ ಟ್ಯಾಂಕಿಗಿಂತ ಎತ್ತರ ಹಾರಿ ಕೆಳಗೆ ಬಂದದ್ದು ಅವನಿಗೆ ಕಾಣಿಸಲಿಲ್ಲ ಅಂದುಕೊಳ್ಳುತ್ತೇನೆ.

ಭಾನುವಾರ ಚರ್ಚಿನಲ್ಲಿ ಅವನು ಎರಡು ಸಾಲು ಮುಂದೆ ಕೂತಿದ್ದ. ಪಾದ್ರಿಯವರು ನರಕದ ಉರಿಯನ್ನು ಬಣ್ಣಿಸುತ್ತಿದ್ದಾಗ ಹಿಂದಕ್ಕೆ ತಿರುಗಿ, ಸದ್ದಿಲ್ಲದೆ ತುಟಿಯಲ್ಲೇ "ಬರ್ತೀರಲ್ಲ?" ಎಂದ. ನಾನು ರೆಪ್ಪೆ ಇಳಿಸಿದೆ. ನನ್ನ ರೆಪ್ಪೆ ಇಳಿದರೆ ಹೌದೆಂದು ಅರ್ಥ ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಆದರೂ ತಿಳಿದುಕೊಂಡ. ಪ್ರಾರ್ಥನೆ ಮುಗಿದದ್ದೇ ತಡ, ಮನೆಗೆ ಬೆಂಕಿ ಬಿದ್ದವನಂತೆ ಓಡಿದ. ಪಾಪ, ರಾತ್ರಿಯ ಅಡುಗೆಗೆ ಈಗಿಂದಲೇ ತಯಾರಿ ಎಂದುಕೊಂಡೆ.

ಮಧ್ಯಾಹ್ನ ಟೊಮೇಟೊ ಹಾಕಿದ ಎರಡು ಚೂರು ಬ್ರೆಡ್ ತಿಂದು, ಉಳಿದ ಹೊತ್ತನ್ನೆಲ್ಲ ನೀಲಿ ಫ್ರಾಕಿಗೂ ಹಸಿರು ಫ್ರಾಕಿಗೂ ನಡುವೆ ಕಳೆದೆ. ಹೊತ್ತು ಇಳಿದಾಗ ನೀಲಿ ಗೆದ್ದಿತು. ಮೂರು ಕೌಂಟಿಗಳ ಜೇನುಗಳಿಗೆ ದಾರಿ ತಪ್ಪಿಸುವಂಥ ಪೀಚ್ ಪೈ ಒಂದನ್ನು ಎತ್ತಿಕೊಂಡು ಅವನ ಬಾಗಿಲು ತಟ್ಟಿದೆ.

ಅವನು ಹಳೆಯ ಅಂಗಿಯಲ್ಲಿದ್ದ. ಕಾಲಬುಡದಲ್ಲಿ ನಾಯಿ ಕೋಳಿಯ ತುಂಡೊಂದನ್ನು ಅಗಿಯುತ್ತಿತ್ತು. ಅವನ ಹೆಗಲ ಮೇಲಿಂದ ಒಳಗಿನ ಮೇಜು ಕಂಡಿತು. ಇಸ್ತ್ರಿ ಮಾಡಿದ ಬಿಳಿ ಬಟ್ಟೆ. ಬೋರಲು ಹಾಕಿದ ಎರಡು ತಟ್ಟೆ. ಕೆನೆಗಟ್ಟಿ ತಣ್ಣಗಾದ ಸಾರು. ಅಂಚು ಒಣಗಿ ಬಿರಿದ ಬ್ರೆಡ್ಡು. ಹೂಜಿಯಲ್ಲಿ ತಲೆ ಬಾಗಿಸಿದ ಹೂವು.

"ಊಟ ಮಧ್ಯಾಹ್ನದಿಂದ ಕಾದಿತ್ತು," ಎಂದ.

ಎಲ್ಲ ಒಂದೇ ಏಟಿಗೆ ಅರ್ಥವಾಯಿತು. ಅವನು ನನ್ನ ಪಾಠ ಕೇಳಿಸಿಕೊಂಡು, ತನ್ನ ರೂಢಿ ಬಿಟ್ಟು, ನನ್ನ ಡಿನ್ನರ್ ಬಡಿಸಿದ್ದ. ನಾನು ನನ್ನ ಪಾಠ ಬಿಟ್ಟು ಅವನ ಡಿನ್ನರ್‌ಗೆ ಬಂದಿದ್ದೆ. ಇದನ್ನು ಹೇಳಿ ನಕ್ಕಿದ್ದರೆ ಮುಗಿಯುತ್ತಿತ್ತು. ಆದರೆ ಡಿನ್ನರ್ ಎಂದರೆ ಯಾವ ಹೊತ್ತೆಂದು ಇಡೀ ಕ್ಲಬ್ಬಿಗೆ ಕಲಿಸಿದ ನಾನು, ಅದೇ ಹೊತ್ತು ತಪ್ಪಿದೆ ಎಂದು ಒಪ್ಪಿಕೊಳ್ಳುವುದೇ? ನನ್ನ ನಾಲಿಗೆಗೆ ಆ ಅಭ್ಯಾಸವಿರಲಿಲ್ಲ.

"ಮಧ್ಯಾಹ್ನ ಬೇರೆ ಕೆಲಸ ಬಿತ್ತು ಡಾಕ್ಟ್ರೇ."

"ಒಂದು ಫೋನ್ ಮಾಡ್ಬಹುದಿತ್ತು."

"ಮರೆತೆ."

ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. ಅದರಲ್ಲಿ ಕೊಳೆ ಇರಲಿಲ್ಲ.

"ಓಹಾಯೋದಲ್ಲಿ ಮಗಳು ಕರೀತಾನೇ ಇದ್ದಾಳೆ, ಈ ಮನೆ ಮಾರಿ ಬಾ ಅಂತ. ಇಲ್ಲೇ ಇರೋಕೆ ಒಂದು ಕಾರಣ ಸಿಕ್ಕಿತು ಅಂತ ಅವಳಿಗೆ ಹೇಳಿದ್ದೆ. ತಪ್ಪು ತಿಳ್ಕೊಂಡಿದ್ದೆ ಅನ್ಸುತ್ತೆ. ಅಕ್ಕನ ಕುರ್ಚಿ ಬೇರೆ ಯಾರಿಗಾದ್ರೂ ಕೊಡಿ ಮೇಡಮ್."

ಬೈದಿದ್ದರೆ ಹಿಂದಿರುಗಿಸಿ ಬೈಯಲು ನನ್ನ ಬಳಿ ಏಳು ತಲೆಮಾರಿಗಾಗುವಷ್ಟು ದಾಸ್ತಾನಿದೆ. ಆ ಮೆತ್ತಗಿನ 'ಮೇಡಮ್' ಕೇಳಿ, ಪೈ ಸಮೇತ ಮೆಟ್ಟಿಲಿಳಿದೆ. ಮನೆಗೆ ಬಂದು ನೀಲಿ ಫ್ರಾಕಿನಲ್ಲೇ ಕೂತು ಪೈಯನ್ನೆಲ್ಲ ಒಬ್ಬಳೇ ತಿಂದೆ. ರುಚಿ ಇರಲಿಲ್ಲ. ನನ್ನ ಪೈಗೆ ರುಚಿ ಇಲ್ಲ ಅಂದರೆ ಭೂಮಿ ಅಚ್ಚಿನಿಂದ ಜಾರಿತೆಂದೇ ಲೆಕ್ಕ.

ಮುಂದಿನ ಗುರುವಾರ ಟ್ವೈಲಾಳ ಮನೆಯಲ್ಲಿ ಮತದಾನ. ಅವನ ಕುರ್ಚಿ ಖಾಲಿ.

"ಡಾಕ್ಟ್ರು ಮನೆ ಮಾರ್ತಾರಂತೆ," ಎಂದರು ಮಿಸೆಸ್ ಓಡಮ್. "ಬೆಳಗ್ಗೆ ರಟ್ಟಿನ ಪೆಟ್ಟಿಗೆ ಹೊರ್ತಿದ್ರು."

"ಹೇಗೂ ಅವರ ಪುಸ್ತಕ ನಮ್ಮ ಆರ್ಡಿತ್‌ಳ ಡಿನ್ನರ್ ಪರೀಕ್ಷೆಯಲ್ಲಿ ಫೇಲು," ಎಂದಳು ಟ್ವೈಲಾ. "ಇನ್ನು ನನ್ನ ಮ್ಯಾಗ್ನೋಲಿಯಾನೇ ಗತಿ."

ನಾನು ಎದ್ದು ನಿಂತೆ.

"ಫೇಲಾಗಿದ್ದು ಪುಸ್ತಕ ಅಲ್ಲ, ನಾನು. ಭಾನುವಾರ ಡಾಕ್ಟ್ರು ನನ್ನನ್ನ ಡಿನ್ನರ್‌ಗೆ ಕರೆದಿದ್ರು. ನಾನು ಹೋಗಿದ್ದು ದೀಪ ಹಚ್ಚೋ ಹೊತ್ತಿಗೆ. ಆ ಟೆನೆಸಿ ಹೆಂಗಸು ಬರೆದ ಹಾಗೇನೇ."

ಟ್ವೈಲಾಳ ಬಾಯಿ ಕಾಫಿ ಲೋಟದ ಅಂಚಿನಲ್ಲೇ ನಿಂತಿತು.

"ನೀನಾ?"

"ನಾನೇ."

"ಯಾಕೇ?"

"ಅವರು ಓಹಾಯೋದಲ್ಲಿದ್ದವರು, ಅವರ ಮಾತಿನ ಪ್ರಕಾರ ಹೋಗೋಣ ಅಂತ."

ಟ್ವೈಲಾ ನಕ್ಕಳು. ಆ ನಗುವಿಗೆ ಕಪಾಟಿನ ಗಾಜುಗಳು ನಡುಗಿದವು, ಹೊರಗೆ ದನಗಳು ಎದ್ದು ನಿಂತವು, ಮುಂದಿನ ಊರಿನಲ್ಲಿ ಯಾರೋ ಗುಡುಗೆಂದು ಬಟ್ಟೆ ಒಳಗೆ ತಂದರು. ಆಮೇಲೆ ಕಣ್ಣೊರೆಸಿಕೊಂಡು ನನ್ನನ್ನು ದಿಟ್ಟಿಸಿದಳು.

"ನಲವತ್ತು ವರ್ಷದಿಂದ ನೋಡ್ತಿದ್ದೀನಿ, ಇನ್ನೊಬ್ಬರ ಮಾತಿನ ಪ್ರಕಾರ ನೀನು ಕೊಡೆ ಬಿಚ್ಚಿದೋಳಲ್ಲ. ನಾನು ಆ ಡಾಕ್ಟ್ರ ಪುಸ್ತಕಕ್ಕೇ ಕೈ ಎತ್ತೋದು. ಹೂವಿನ ಕಥೆ ಮುಂದಿನ ವರ್ಷ ಓದಿದ್ರಾಯ್ತು."

ಎಲ್ಲರ ಕೈಯೂ ಮೇಲೆದ್ದಿತು, ಒಂದನ್ನು ಬಿಟ್ಟು.

ಅಲ್ಲಿಂದ ನೇರ ಅವನ ಮನೆಗೆ ಹೋದೆ. ಅಂಗಳಕ್ಕೆ ಮೇಜು ತಂದಿಟ್ಟುಕೊಂಡು, ಅಕ್ಕನ ಪಿಂಗಾಣಿ ಬಸಿಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತುತ್ತಿದ್ದ. ನನ್ನನ್ನು ಕಂಡರೂ ಕೈ ನಿಲ್ಲಿಸಲಿಲ್ಲ.

"ಭಾನುವಾರ ನನಗೆ ಬೇರೆ ಕೆಲಸ ಏನೂ ಇರ್ಲಿಲ್ಲ," ಎಂದೆ. "ಮರೆತೂ ಇರ್ಲಿಲ್ಲ. ಮಧ್ಯಾಹ್ನದಿಂದ ಎರಡು ಫ್ರಾಕ್ ಮುಂದೆ ಕೂತಿದ್ದೆ. ನೀವು ಕರೆದ ಡಿನ್ನರ್ ರಾತ್ರಿಯದ್ದು ಅಂದ್ಕೊಂಡೆ. ಹೇಳೋಕೆ ಸೊಕ್ಕು ಬಿಡ್ಲಿಲ್ಲ. ಇವತ್ತು ಕ್ಲಬ್ಬಲ್ಲಿ ಎಲ್ಲರ ಮುಂದೆ ಹೇಳಿ ಬಂದೆ."

ಬಸಿ ಅವನ ಕೈಯಲ್ಲೇ ಉಳಿಯಿತು. ಅವನು ಹಣೆಯ ಮೇಲಿದ್ದ ಕನ್ನಡಕವನ್ನು ಕಣ್ಣಿಗೆ ಇಳಿಸಿ ನನ್ನನ್ನು ನೋಡಿದ; ಇಷ್ಟು ದಿನ ದೂರದಿಂದ ಓದುತ್ತಿದ್ದುದನ್ನು ಹತ್ತಿರ ಹಿಡಿದ ಹಾಗೆ.

"ಎಲ್ಲರ ಮುಂದೆ?"

"ಟ್ವೈಲಾ ಮುಂದೆ. ಅವಳೊಬ್ಬಳಿದ್ರೆ ಇಡೀ ಮಿಸ್ಸಿಸಿಪ್ಪಿ ಇದ್ದ ಹಾಗೆ."

ಅವನ ಕಣ್ಣಿನ ಮೂಲೆಯಲ್ಲಿ ಒಂದು ಗೆರೆ ಮೂಡಿತು. ಅದು ಕೆನ್ನೆಗೆ ಇಳಿಯಿತು, ಮೀಸೆಯನ್ನು ಮುಟ್ಟಿತು. ಸೂರ್ಯ ಹುಟ್ಟುವುದನ್ನು ನಾನು ಸಾವಿರ ಸಲ ನೋಡಿದ್ದೇನೆ. ಅಷ್ಟು ನಿಧಾನವಾಗಿ, ಅಷ್ಟು ಚೆನ್ನಾಗಿ ಅದು ಯಾವತ್ತೂ ಹುಟ್ಟಿಲ್ಲ.

"ನಿಮ್ಮ ಪುಸ್ತಕ ಗೆದ್ದಿತು," ಎಂದೆ.

"ನೀವು ಮತ ಹಾಕಿದ್ರಾ?"

"ಹಾಕಿದೆ. ವಿರುದ್ಧವಾಗಿ."

"ವಿರುದ್ಧವಾಗಿ?"

"ಆಮೇಲೆ ಪೂರ್ತಿ ಓದಿದೆ, ಕೆಟ್ಟ ಪುಸ್ತಕ ಡಾಕ್ಟ್ರೇ. ಕಥೆಯಲ್ಲಿರೋ ಹೆಂಗಸು ಗಂಡನನ್ನ ಅಷ್ಟು ಬೇಗ ಕ್ಷಮಿಸೋದಾ? ನದಿಯಲ್ಲಿ ಮಂಜು ಬಿದ್ದಿದೆಯಂತೆ, ಜುಲೈನಲ್ಲಿ. ಮತ ಹಾಕಿದ್ದು ಪುಸ್ತಕಕ್ಕೆ ವಿರುದ್ಧ. ನಿಮಗೆ ವಿರುದ್ಧ ಹಾಕೋಕೆ ಕೈ ಎದ್ದಿದ್ರೆ ಇಲ್ಲಿಗೆ ಯಾಕೆ ಬರ್ತಿದ್ದೆ?"

ಅವನು ನಕ್ಕ. ಬಸಿಯನ್ನು ಮೇಜಿನ ಮೇಲಿಟ್ಟು ನನ್ನ ಕೈ ಹಿಡಿದ. ಪತ್ರಿಕೆಯ ಮಸಿ ಹತ್ತಿದ ಬೆರಳುಗಳು. ನನ್ನ ಅಂಗೈಯಲ್ಲಿ ಕಪ್ಪು ಗುರುತು ಉಳಿಯಿತು. ನಾನು ಕೈ ಎಳೆದುಕೊಳ್ಳಲಿಲ್ಲ.

"ತಪ್ಪುಗಳು ಇನ್ನೂ ಇವೆಯಾ?"

"ಪುಟಪುಟಕ್ಕೂ ಇವೆ. ಎಲ್ಲ ಹೇಳಿ ಮುಗಿಸೋಕೆ ವರ್ಷಗಳೇ ಬೇಕು."

ಅವನು ಬಸಿಯ ಸುತ್ತಿದ್ದ ಪತ್ರಿಕೆಯನ್ನು ಒಂದೊಂದೇ ಮಡಿಕೆ ಬಿಚ್ಚಿದ. ಬಸಿಯನ್ನು ನನ್ನ ಕೈಗೆ ಕೊಟ್ಟ.

"ಹಾಗಾದ್ರೆ ಇವನ್ನೆಲ್ಲ ಮತ್ತೆ ಒಳಗೆ ಜೋಡಿಸೋಣ ಬಾ ಆರ್ಡಿತ್," ಎಂದ. "ಮೊದಲನೇ ಪುಟದಿಂದ ಶುರು ಮಾಡು."